ಗಿರಿ ಸೂಟು

ನವೆಂಬರ್ 10, ಭಾನುವಾರ, ಸಂಜೆ

ಇವತ್ತೂ ಅದೇ ಕಥೆ. ವಿಮಾನದಿಂದ ನಾಲ್ವರೂ ಒಟ್ಟಿಗೇ ಹಾರಿದೆವು. ಮೂವರು ಕೈ ಹಿಡಿದು ವೃತ್ತ ಕಟ್ಟಿದರು. ನಾನು ಮೈತೂಕಕ್ಕೆ ಬೇಗ ಬಿದ್ದು ಅವರ ಕೆಳಗೆ. ತಲೆ ಎತ್ತಿದರೆ ಭೂಮಿಕಾಳ ಹೊಟ್ಟೆ, ಅವಳ ಶೂ. ಆಕಾಶದಲ್ಲಿ ಲಿಫ್ಟ್ ಇಲ್ಲವಲ್ಲ, ಮೇಲೆ ಹೋಗೋದು ಹೇಗೆ? ಕೈಕಾಲು ಚಾಚಿ, ಬೆನ್ನು ಗೂನು ಮಾಡಿ, ಗಾಳಿಯನ್ನೆಲ್ಲ ಎದೆಗೆ ಹಿಡಿದು ನಿಧಾನ ಆಗೋಕೆ ನೋಡಿದೆ. ಸ್ವಲ್ಪ ಆದೆ. ಜೊತೆಗೆ ತೂರಾಡಿದೆ. ಅಷ್ಟರಲ್ಲಿ ಪ್ಯಾರಾಚೂಟ್ ಬಿಚ್ಚೋಕೆ ಬೇರೆಯಾಗುವ ಹೊತ್ತು ಬಂತು.

ಇಳಿದ ಮೇಲೆ ಭೂಮಿಕಾ, “ಗಿರಿಯಣ್ಣ, ನಿಮ್ಮನ್ನ ನೋಡೋಕೆ ನಾವು ಬಗ್ಗಬೇಕು” ಅಂದಳು. ಬ್ಯಾಂಕಿನವಳು, ಬಾಯಿ ಜಾಸ್ತಿ. ಮೈಯಲ್ಲಿ ಒಂದು ಮೂಟೆ ಅಕ್ಕಿಯಷ್ಟೂ ತೂಕ ಇಲ್ಲ. ಸುಮ್ಮನೆ ನಕ್ಕೆ. ಒಳಗೆ ಉರಿಯಿತು.

ಕೋಚ್ ರಾಜೇಶ್ ಸರ್ ನನ್ನ ತೋಳಿನ ಬಟ್ಟೆ ಹಿಡಿದು ಎಳೆದರು. “ತಪ್ಪು ನಿಂದಲ್ಲ, ಇದರದ್ದು. ನೈಲಾನ್, ನುಣುಪು, ಮೈಗೆ ಅಂಟ್ಕೊಂಡಿದೆ. ಗಾಳಿ ಹಂಗೇ ಜಾರಿ ಹೋಗುತ್ತೆ. ಇದು ಭೂಮಿಕಾಗೆ ಬೇಕಾಗಿರೋ ಸೂಟು. ನಿಂಗೆ ದೊಗಳೆ ಬೇಕು, ಒರಟು ಬಟ್ಟೆ. ತೋಳಿಗೂ ಪಕ್ಕೆಗೂ ನಡುವೆ ಒಂದು ಸಣ್ಣ ರೆಕ್ಕೆ. ಪಕ್ಕೆಲುಬಿನ ತನಕ, ಅಷ್ಟೇ.” ಆಮೇಲೆ, ಹೋಗ್ತಾ ಹೋಗ್ತಾ: “ಜನವರಿ ಮೀಟ್‌ಗೆ ಟೀಮ್ ಫೈನಲ್ ಮಾಡ್ಬೇಕು ಗಿರಿ.”

ಅಂದರೆ ಬೇರೆಯವನನ್ನು ಹಾಕ್ತಾರೆ. ಅರ್ಥ ಆಗದೇ ಇರೋಕೆ ನಾನೇನು ಮಗುವೇ?

ಮನೆಯಲ್ಲಿ ಸುಷ್ಮಾ ಮುಖ ಊದಿಸಿಕೊಂಡಿದ್ದಳು. ಅವಳ ತಮ್ಮ ವೆಂಕಿಗೆ ಇವತ್ತು ಲೈಸೆನ್ಸ್ ಬಂತು, ಇನ್ನು ಅವನೂ ಜೊತೆ ಹಾರಾಟಕ್ಕೆ. ಜವಳಗಿರಿಯಲ್ಲಿ ರಾಗಿ ಹೊಲದ ಅಟ್ಟಣೆ ಮೇಲೆ ಕೂತು ಆನೆ ಓಡಿಸಿ ಬೆಳೆದವನು. ಭಯ ಅನ್ನೋದು ಹತ್ತಿರ ಸುಳಿಯಲ್ಲ. ಮೈಕಟ್ಟು ನನಗಿಂತ ಒಂದು ಸುತ್ತು ಜಾಸ್ತಿ. ನನ್ನನ್ನು ನೋಡಿಯೇ ಸೇರಿದ ಅಂತ ಇಡೀ ಊರಿಗೆ ಗೊತ್ತು.

“ನೀವು ಎಲ್ಲಿಂದಾನಾ ಬೀಳ್ರಿ, ನಂಗೆ ಅಭ್ಯಾಸ ಆಗೋಗೈತೆ. ಅವನಿಗೇನಾನಾ ಆದ್ರೆ ಅಮ್ಮನಿಗೆ ಏನಂತ ಹೇಳ್ಲಿ?”

“ನಾನಿಲ್ವೇನೇ? ನಾನು ನೋಡ್ಕೊಂತೀನಿ.”

“ಮಾತು ಕೊಟ್ಟಂಗೆ?”

“ಕೊಟ್ಟಂಗೆ.”

ಆಮೇಲೆ ಊಟಕ್ಕೆ ಬಡಿಸಿದಳು. ಸಾರಿಗೆ ಉಪ್ಪು ಕಮ್ಮಿ. ಎರಡು ಸಲ ಹಾಕಿಸಿಕೊಂಡೆ.

ನವೆಂಬರ್ 12

ಶಿಫ್ಟ್ ಮುಗಿಸಿ ಆಲಸನತ್ತಂಗೆ ಹೋದೆ, ಟೈಲರ್ ಮುತ್ತರಾಯಪ್ಪನವರ ಹತ್ತಿರ. ನಮ್ಮ ಫ್ಯಾಕ್ಟರಿ ಯೂನಿಫಾರ್ಮ್ ಎಲ್ಲ ಅವರದೇ ಕೈ. ಹಳೇ ಸೂಟನ್ನು ಮೇಜಿನ ಮೇಲೆ ಹರಡಿ ಒಂದೊಂದೇ ವಿವರಿಸಿದೆ. ತೋಳಿಗೂ ಕಾಲಿಗೂ ಸ್ಪಂಜು ತುಂಬಿದ ದಪ್ಪ ಪಟ್ಟಿ — ಬೇರೆಯವರು ನನ್ನನ್ನು ಹಿಡಿಯೋಕೆ. ಮೊಣಕಾಲಿನ ಕೆಳಗಿಂದ ಶೂ ಮುಚ್ಚುವ ಬಟ್ಟೆ, ಅದಕ್ಕೆ ಬೂಟಿ ಅಂತೀವಿ — ಅದರಿಂದ ಕಾಲಿಗೆ ಗಾಳಿ ಸಿಗುತ್ತೆ, ಮುಂದಕ್ಕೆ ಹೋಗೋಕೆ, ತಿರುಗೋಕೆ. ಈಗ ಹೊಸದಾಗಿ ರೆಕ್ಕೆ.

“ಬಾವಲಿ ಥರಾನಾ?”

“ಹೂಂ, ಬಾವಲಿ ಥರ.”

“ಎಲ್ಲಿಗಂಟ ಬೇಕು?”

ಪಕ್ಕೆಲುಬಿನ ತನಕ ಅನ್ನಬೇಕಿತ್ತು. “ಸೊಂಟದ ಗಂಟ ಇಳಿಸ್ಬಿಡಿ” ಅಂದೆ. ಸಣ್ಣ ರೆಕ್ಕೆಯಿಂದ ಈ ದೇಹಕ್ಕೆ ಏನಾಗುತ್ತೆ? ಸರ್‌ಗೆ ಆಕಾಶ ಗೊತ್ತಿರಬಹುದು, ನನ್ನ ತೂಕ ಹೊರೋನು ನಾನು.

ಕಂದು ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿಸಿ, ಮೇಲೆ ‘ಗಿರಿ’ ಅಂತ ಬರೆದರು. ಅಂಗಡಿ ಗೋಡೆ ತುಂಬ ಮೊಳೆ, ಮೊಳೆ ತುಂಬ ಇಂಥ ಕಾಗದ. ಅರ್ಧ ಹೊಸೂರಿನ ಮೈ ಅಲ್ಲಿ ನೇತಾಡ್ತಿದೆ.

“ಒಂದ್ಸಲ ಕಾಗದ ಆಯ್ತು ಅಂದ್ರೆ ಮುಗೀತು ಕಣಪ್ಪಾ. ನೀನು ಹೋದ್ರೂ ನಿನ್ನ ಅಳತೆ ಇರ್ತದೆ.”

“ಒಳ್ಳೆ ಮಾತು ಹೇಳ್ರಿ ಸ್ವಾಮಿ” ಅಂದೆ. ಇಬ್ಬರೂ ನಕ್ಕೆವು.

ನವೆಂಬರ್ 24, ಭಾನುವಾರ

ಹೋದ ವಾರ ಪೂರ್ತಿ ಮೋಡ, ವಿಮಾನ ಏಳಲಿಲ್ಲ. ಇವತ್ತು ಸೂಟಿನ ಮೊದಲ ದಿನ. ಬೆಳಗ್ಗೆ ಸುಷ್ಮಾ ಕಾಲರಿನ ಒಳಗೆ ಅರಿಶಿಣ ಹಚ್ಚಿಕೊಟ್ಟಳು. ಹೊಸ ಬಟ್ಟೆ ಅಂದಮೇಲೆ ಹಚ್ಚಲೇಬೇಕು, ಅದು ರೇಷ್ಮೆ ಸೀರೆಯಾಗಲಿ, ಗಂಡ ಬೀಳುವ ಬಟ್ಟೆಯಾಗಲಿ.

ನಿಧಾನ ಆದೆ! ನಿಜವಾಗಲೂ. ಆದರೆ ಎಡಕ್ಕೆ ತಿರುಗತೊಡಗಿದೆ. ನಾನು ತಿರುಗಿದ್ದಲ್ಲ, ಸೂಟು ತಿರುಗಿಸಿದ್ದು. ಸೂಳಗಿರಿ ಬೆಟ್ಟ, ಹೈವೇ, ಗುಲಾಬಿಯ ಪಾಲಿಹೌಸ್, ಮತ್ತೆ ಬೆಟ್ಟ... ಬಲಗಾಲು ಮಡಚಿ, ಎಡಗಾಲು ಚಾಚಿ ಹೇಗೋ ನಿಲ್ಲಿಸಿದೆ.

ವೆಂಕಿ ನೆಲದಿಂದ ನೋಡಿದ್ದ. “ಭಾವಾ, ಒಳ್ಳೆ ಬುಗುರಿ ಆಗ್ಬುಟ್ಟಿದ್ದಲ್ಲ!”

“ಮುಚ್ಚಲಾ.”

ಕಳಚಿ ನೋಡಿದರೆ ಎಡಗಾಲಿನ ಬೂಟಿ ಬಲಗಾಲಿನದಕ್ಕಿಂತ ಸಡಿಲ. ಎಡಪಾದಕ್ಕೆ ಗಾಳಿ ಸರಿಯಾಗಿ ಸಿಕ್ಕಿಲ್ಲ, ಬಲಪಾದಕ್ಕೆ ಸಿಕ್ಕಿದೆ. ಇಷ್ಟೇ ಇಷ್ಟು ವ್ಯತ್ಯಾಸ, ಮನುಷ್ಯನನ್ನು ಬುಗುರಿ ಮಾಡುತ್ತೆ.

ನವೆಂಬರ್ 26

ಮುತ್ತರಾಯಪ್ಪ ಬೂಟಿ ಬಿಚ್ಚಿ ಬಿಗಿ ಮಾಡಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಕಾಗದ ಮೊಳೆಯಲ್ಲೇ ಇತ್ತು.

“ಕಾಗದದಾಗೂ ತಿದ್ದಲ್ವಾ?”

“ಅಯ್ಯ, ಇದೇನು ಸಾವಿರ ಪೀಸಾ? ಒಂದು ಸೂಟು. ಆಲ್ಟ್ರೇಶನ್ ಬಟ್ಟೆಗೆ ಮಾಡೋದಪ್ಪಾ, ಕಾಗದಕ್ಕಲ್ಲ.”

ನನ್ನೊಳಗಿನ ಕ್ವಾಲಿಟಿ ಇನ್‌ಸ್ಪೆಕ್ಟರ್ ಎದ್ದು ಕೂತ. ಭಾಷಣ ಬಿಗಿದೆ. ನಮ್ಮಲ್ಲಿ ಪೀಸ್ ರೀವರ್ಕ್ ಮಾಡಿದರೆ ಡ್ರಾಯಿಂಗೂ ತಿದ್ದಬೇಕು. ಇಲ್ಲದಿದ್ದರೆ ಕೈಯಲ್ಲಿರೋ ಪೀಸ್ ಒಂದು ಥರ, ಮುಂದಿನ ಲಾಟ್ ಇನ್ನೊಂದು ಥರ, ಪೂರ್ತಿ ರಿಜೆಕ್ಟ್. ಅವರು ತಲೆಯಾಡಿಸಿ ಟೀ ತರಿಸಿಕೊಟ್ಟರು. ಕಾಗದ ಮುಟ್ಟಲಿಲ್ಲ. ನಾನೂ ಟೀ ಕುಡಿದು ಬಂದೆ.

ಡಿಸೆಂಬರ್ 1, ಭಾನುವಾರ



ಇವತ್ತು ಭೂಮಿಕಾಳ ಕಣ್ಣು ನೋಡಿದೆ. ಹೊಟ್ಟೆಯಲ್ಲ, ಶೂ ಅಲ್ಲ — ಕಣ್ಣು. ಅವಳ ಎದುರಿಗೆ, ಅವಳ ಮಟ್ಟದಲ್ಲಿ. ತೋಳು ಚಾಚಿದರೆ ರೆಕ್ಕೆ ತುಂಬಿಕೊಂಡು ಮೇಲಕ್ಕೆ ಎತ್ತುತ್ತೆ. ತೋಳು ಸ್ವಲ್ಪ ಒಳಗೆ ತಂದರೆ ಇಳಿಸುತ್ತೆ. ವಾಲ್ಯೂಮ್ ತಿರುಗಿಸಿದ ಹಾಗೆ. ನಾಲ್ವರೂ ವೃತ್ತ ಕಟ್ಟಿದೆವು, ಬಿಟ್ಟೆವು, ಮತ್ತೆ ಕಟ್ಟಿದೆವು. ಇಷ್ಟು ದಿನ ನಾನು ಬೀಳ್ತಿದ್ದೆ. ಇವತ್ತು ಹಾರಿದೆ. ಖುಷಿಗೆ ಕಣ್ಣಲ್ಲಿ ನೀರು ಬಂತು, ಕನ್ನಡಕದೊಳಗೆ ಯಾರಿಗೂ ಕಾಣಲಿಲ್ಲ.

ನಮ್ಮ ಹಾರಾಟದ ಕ್ಯಾಂಪಿನಲ್ಲಿ ಇದಕ್ಕೆ ‘ಗಿರಿ ಸೂಟು’ ಅಂತ ಹೆಸರು ಬಿತ್ತು. ವೆಂಕಿ ಸುತ್ತ ಸುತ್ತ ಬಂದು ಮುಟ್ಟಿ ನೋಡಿದ. “ಭಾವಾ, ನಂಗೂ ಇಂಥದ್ದೇ ಬೇಕು. ನಾನಂತೂ ಕಲ್ಲು ಬಿದ್ದಂಗೆ ಬೀಳ್ತೀನಿ.”

“ಇರ್ಲಾ, ಮೊದ್ಲು ನಡೆಯೋದು ಕಲಿ” ಅಂದೆ. ಆದರೂ ಹೆಮ್ಮೆ ಆಯಿತು.

ಡಿಸೆಂಬರ್ 8, ಭಾನುವಾರ

 

ಎಲ್ಲ ಚೆನ್ನಾಗಿತ್ತು. ಬೇರೆಯಾದೆವು, ದೂರ ಹೋದೆ, ಬಲಗೈ ಹಿಂದಕ್ಕೆ ಹಾಕಿದೆ. ಪ್ಯಾರಾಚೂಟಿನ ಹಿಡಿ ಬ್ಯಾಗಿನ ತಳದಲ್ಲಿ, ಬಲ ಸೊಂಟದ ಹಿಂದೆ. ಕಣ್ಣಿಗೆ ಕಾಣಲ್ಲ. ಕೈ ತಾನಾಗಿ ಹೋಗಬೇಕು, ಸಿಗಬೇಕು, ಎಳೆಯಬೇಕು. ಸಾವಿರ ಸಲ ಮಾಡಿದ್ದು.

ಬಟ್ಟೆ ಸಿಕ್ಕಿತು.

ಮತ್ತೆ ಹಾಕಿದೆ. ಬಟ್ಟೆ. ಹಿಡಿ ಇರಬೇಕಾದ ಜಾಗದಲ್ಲಿ ಒಂದು ದೊಡ್ಡ ಮುದ್ದೆ ಬಟ್ಟೆ, ಗಾಳಿಗೆ ಪಟಪಟ ಬಡಿಯುತ್ತಿದೆ. ಕೆಳಗೆ ಟೊಮೆಟೊ ತೋಟದ ಗೂಟಗಳು ಒಂದೊಂದಾಗಿ ಕಾಣತೊಡಗಿದವು. ಬಿಚ್ಚುವ ಎತ್ತರದಿಂದ ಅವು ಕಾಣಬಾರದು. ಅದು ಹೇಗೆ ತೋಚಿತೋ — ತೋಳನ್ನು ಮತ್ತೆ ಚಾಚಿದೆ, ರೆಕ್ಕೆ ಬಿಗಿಯಾಯಿತು, ಬಟ್ಟೆ ಸರಿಯಿತು, ಒಂದೇ ಏಟಿಗೆ ಕೈ ಹಾಕಿದೆ. ಸಿಕ್ಕಿತು.

ಈಗ ಅರ್ಥ ಆಗ್ತಿದೆ. ತೋಳು ಚಾಚಿದ್ದಾಗ ರೆಕ್ಕೆ ಬಿಗಿ. ಹಿಡಿಗೆ ಕೈ ಹಾಕೋಕೆ ತೋಳು ಒಳಗೆ ತಂದ ತಕ್ಷಣ ಸಡಿಲ. ಸೊಂಟದವರೆಗೆ ಇಳಿದ ಬಟ್ಟೆಯೆಲ್ಲ ಹಿಂದಕ್ಕೆ ಹೋಗಿ ಹಿಡಿಯ ಮೇಲೇ ಕೂರುತ್ತೆ. ಹೋದ ವಾರ ಯಾಕೆ ಆಗಲಿಲ್ಲ? ಅದೃಷ್ಟ.

ರಾಜೇಶ್ ಸರ್ ಗದ್ದೆ ಬದುವಿನ ತನಕ ನಡೆದು ಬಂದರು. “ಯಾಕೆ ಅಷ್ಟು ಕೆಳಗೆ ಬಿಚ್ದೆ?”

“ಇನ್ನೂ ಸ್ವಲ್ಪ ದೂರ ಹೋಗೋಣ ಅಂತ ಸರ್. ಮರೆತುಬಿಟ್ಟೆ.”

“ಇನ್ನೊಂದ್ಸಲ ಹಿಂಗಾದ್ರೆ ಎರಡು ತಿಂಗಳು ನೆಲದ ಮೇಲೆ. ಮೀಟ್ ಇಲ್ಲ, ಏನೂ ಇಲ್ಲ.”

“ಇಲ್ಲ ಸರ್, ಆಗಲ್ಲ.”

ಹೇಳಬಹುದಿತ್ತು. ಹೇಳಿದರೆ ‘ಪಕ್ಕೆಲುಬಿನ ತನಕ ಅಂದಿದ್ದೆನಲ್ಲ’ ಅಂತಾರೆ. ಗಿರಿ ಸೂಟು ನಗೆಪಾಟಲಾಗುತ್ತೆ. ಟೀಮಿನಿಂದ ಹೊರಗೆ. ಸೂಟು ಸರಿ ಮಾಡಿಸಿದರೆ ಆಯಿತಲ್ಲ, ಊರಿಗೆಲ್ಲ ಯಾಕೆ ಡಂಗುರ?

ಡಿಸೆಂಬರ್ 9

ಊಟಕ್ಕೆ ಕೂತಾಗ ಬಲಗೈ ತಾನಾಗಿ ಸೊಂಟದ ಹಿಂದೆ ಹೋಯಿತು. ಸುಷ್ಮಾ, “ಯಾಕ್ರೀ, ಸೊಂಟ ಹಿಡ್ಕೊಂತಾ?” ಅಂದಳು. ಹೂಂ ಅಂದೆ. ಎಣ್ಣೆ ಕಾಯಿಸಿ ಹಚ್ಚಿದಳು. ಬೇಡ ಅನ್ನಲೂ ಆಗಲಿಲ್ಲ.

ಡಿಸೆಂಬರ್ 10

ರಜೆ ಹಾಕಿ ಟೈಲರ್ ಹತ್ತಿರ. ರೆಕ್ಕೆಯನ್ನು ಪಕ್ಕೆಲುಬಿನ ತನಕ ಕತ್ತರಿಸಿದ್ದಾಯಿತು. ಸೊಂಟದ ಹಿಂದೆ ಅಗಲವಾದ ಎಲಾಸ್ಟಿಕ್, ಬಟ್ಟೆ ಉಬ್ಬದ ಹಾಗೆ. ಅಂಗಡಿಯಲ್ಲೇ ಹಾಕಿಕೊಂಡು, ಟೇಬಲ್ ಫ್ಯಾನ್ ಮುಂದೆ ಬಗ್ಗಿ ನಿಂತು, ಮತ್ತೆ ಮತ್ತೆ ಹಿಂದಕ್ಕೆ ಕೈ ಹಾಕಿದೆ. ಮುತ್ತರಾಯಪ್ಪನಿಗೆ ತಮಾಷೆ.

“ಏನಪ್ಪಾ, ಬೆನ್ನು ಕೆರೀತಾ?”

“ಹೂಂ ಸ್ವಾಮಿ, ಕೆರೀತು.”

ಗೋಡೆ ಮೇಲೆ ಆ ಕಾಗದ ಕಂಡಿತು. ಇವತ್ತು ಭಾಷಣ ಮಾಡಲಿಲ್ಲ. ಮಾಡಿದ್ದರೆ ಯಾಕೆ ಅಂತ ಕೇಳುತ್ತಿದ್ದರು.

ಡಿಸೆಂಬರ್ 15, ಭಾನುವಾರ

ಮೂರು ಜಂಪ್. ಮೂರೂ ಬಂಗಾರ. ಸಣ್ಣ ರೆಕ್ಕೆಯಲ್ಲೂ ಭೂಮಿಕಾಳ ಮಟ್ಟದಲ್ಲೇ ಇದ್ದೆ! ಅಷ್ಟು ದೊಡ್ಡದು ಬೇಕೇ ಇರಲಿಲ್ಲ. ಹಿಡಿ ಮೂರು ಸಲವೂ ಕೈಗೇ ಬಂತು.

ರಾಜೇಶ್ ಸರ್ ಸೂಟನ್ನು ಹಿಂದೆ ಮುಂದೆ ತಿರುಗಿಸಿ, ಎಲಾಸ್ಟಿಕ್ ಎಳೆದು, ರೆಕ್ಕೆ ಜಗ್ಗಿ ನೋಡಿದರು. “ಇದು ಕರೆಕ್ಟಾಗಿದೆ ನೋಡು. ದಪ್ಪಗಿರೋರಿಗೆಲ್ಲ ಇದನ್ನೇ ಹೊಲಿಸೋಣ. ಟೈಲರ್ ನಂಬರ್ ಕೊಡು.”

ಕೊಟ್ಟೆ. ವೆಂಕಿ ಕುಣಿದಾಡಿದ, ಮೊದಲ ಸೂಟು ಅವನದೇ ಅಂತೆ.

ಅವರು ನೋಡಿದ್ದು ತಿದ್ದಿದ ಸೂಟು. ಮುತ್ತರಾಯಪ್ಪನ ಗೋಡೆಯಲ್ಲಿ ಇರೋದು... ಅವರಿಗೆ ಅಷ್ಟೂ ತಿಳಿಯಲ್ಲವೇ? ಮೊನ್ನೆ ತಾನೇ ಅವರ ಕೈಯಿಂದಲೇ ತಿದ್ದಿಸಿದ್ದು. ಆದರೂ ಒಂದು ಮಾತು ಹೇಳಬೇಕು. ನಾಳೆ ಫೋನ್ ಮಾಡಬೇಕು.

ಡಿಸೆಂಬರ್ 19

ಆಡಿಟ್ ಅಂತ ಫ್ಯಾಕ್ಟರಿಯಲ್ಲಿ ಉಸಿರಾಡೋಕೂ ಪುರುಸೊತ್ತಿಲ್ಲ. ಸೆಕೆಂಡ್ ಶಿಫ್ಟಿಗೆ ಹೊರಡುವಾಗ ವೆಂಕಿ ಬಂದ. ಹೊಸ ಸೂಟು, ಪ್ಲಾಸ್ಟಿಕ್ ಕವರಿನಲ್ಲಿ ಇಸ್ತ್ರಿ ಮಾಡಿ ಮಡಿಚಿದ್ದು. ಸುಷ್ಮಾ ಕಾಲರ್ ಮಾತ್ರ ಹೊರಗೆ ಎಳೆದು ಅರಿಶಿಣ ಹಚ್ಚಿದಳು. ಈ ಸಲ ಬೈಗುಳ ಇಲ್ಲ. “ನಿಮ್ಮ ಭಾವನ ಥರ ಮೆತ್ತಗೆ ಇಳಿಯೋ ಸೂಟಂತೆ, ಹೌದಾ?” ಅಂತ ಅವನನ್ನೇ ಕೇಳಿದಳು.

ಬಿಚ್ಚಿ ನೋಡಬೇಕು ಅನ್ನಿಸಿತು. ಕಂಪನಿ ಬಸ್ಸು ಮೂಲೆಯಲ್ಲಿ ಹಾರ್ನ್ ಹೊಡೆಯಿತು.

“ಭಾನುವಾರ ನಾನು ಬಂದ್ಮೇಲೆ ಹಾಕ್ಕೊಳ್ಳಲಾ. ಅದಕ್ಕೆ ಮುಂಚೆ ಬೇಡ.”

“ಸರಿ ಭಾವಾ.”

ಮುತ್ತರಾಯಪ್ಪನಿಗೆ ಫೋನ್ ಮಾಡೋದು ಆಗಿಲ್ಲ. ಆಗಿಲ್ಲ ಅಂತಲ್ಲ. ಮಾಡಿಲ್ಲ.

ಡಿಸೆಂಬರ್ 22, ಭಾನುವಾರ, ಫ್ಯಾಕ್ಟರಿ ಗೇಟು

ಆಡಿಟ್ ಮುಂದಕ್ಕೆ ಹೋಗಿ ಇವತ್ತೂ ಡ್ಯೂಟಿ. ಟೀ ಬ್ರೇಕಿನಲ್ಲಿ ಲಾಕರಿನಿಂದ ಫೋನ್ ತೆಗೆದೆ. ಮುತ್ತರಾಯಪ್ಪನ ಮಿಸ್ಡ್ ಕಾಲ್. ಮಾಡಿದೆ.

“ಬಾಮೈದಂಗೆ ಸರಿಯಾಗಿ ಕೂತ್ಕೊಂತಾ? ನಿನ್ನ ಕಾಗದಾನೇ ಇಟ್ಟು, ಸುತ್ತ ಎರಡಿಂಚು ಬಿಟ್ಟು ಕಟ್ ಮಾಡ್ದೆ. ಬೂಟಿ ಮಾತ್ರ ಎರಡೂ ಒಂದೇ ಸಮ ಮಾಡಿದ್ದೀನಪ್ಪಾ, ಆವತ್ತು ಬೈದಿದ್ಯಲ್ಲ.”

“ರೆಕ್ಕೆ?”

“ಕಾಗದದಾಗೆ ಇದ್ದಂಗೆ. ಸೊಂಟದ ಗಂಟ.”

“ಎಲಾಸ್ಟಿಕ್?”

“ಯಾವ ಎಲಾಸ್ಟಿಕ್ಕು? ಓ, ಅದಾ! ಅದು ನಿಂದು ಆಲ್ಟ್ರೇಶನ್ ತಾನೇ?”

ವೆಂಕಿ ಫೋನ್ ಆಫ್. ರಾಜೇಶ್ ಸರ್ ಎತ್ತುತ್ತಿಲ್ಲ. ಕ್ಯಾಂಪ್ ಆಫೀಸಿನ ಕಮಲಮ್ಮ ಎತ್ತಿದರು. ವೆಂಕಿ ಸೇರಿ ನಾಲ್ವರು ವಿಮಾನ ಹತ್ತಿಯಾಯಿತಂತೆ. ‘ಭಾವ ಬರೋದು ಲೇಟು, ಒಂದ್ಸಲ ಹೋಗ್ಬತ್ತೀನಿ’ ಅಂದನಂತೆ. ವಿಮಾನ ಮೇಲಿದೆ.

“ವಾಪಸ್ ಇಳಿಸೋಕೆ ಹೇಳಿ ಅಕ್ಕಾ!”

“ಯಾಕೆ ಗಿರಿ? ಏನಾಯ್ತು?”

ಒಂದು ಕ್ಷಣ. ಆ ಒಂದು ಕ್ಷಣದಲ್ಲಿ ನನ್ನ ಬಾಯಿಗೆ ಬಂದದ್ದು: “ಮನೇಲಿ ಅರ್ಜೆಂಟು.”

“ಅಯ್ಯೋ ದೇವ್ರೇ. ಇರಿ, ಸರ್‌ಗೆ ಹೇಳ್ತೀನಿ.” ಫೋನ್ ಮೇಜಿನ ಮೇಲಿಟ್ಟು ಹೋದರು.

ಮನೆಯಲ್ಲಿ ಅರ್ಜೆಂಟು ಅಂದರೆ ವಿಮಾನ ಇಳಿಸ್ತಾರಾ? ಇಳಿದ ಮೇಲೆ ಹೇಳಿದರಾಯಿತು ಅಂತಾರೆ. ಅಕ್ಕಾ, ಸೂಟು, ಅವನ ಸೂಟು ಅಂತ ಕೂಗಿದೆ. ಅಲ್ಲಿ ಯಾರೂ ಇಲ್ಲ. ಇಲ್ಲಿ ಸೆಕ್ಯೂರಿಟಿ, “ಗೇಟ್ ಪಾಸ್ ಇಲ್ಲಾಮ ವಿಡಮಾಟ್ಟೇನ್ ಸಾರ್” ಅಂತಾನೆ. ಸೂಪರ್‌ವೈಸರ್ ಸಹಿ ಹಾಕಿ ಪಾಸ್ ಕಳಿಸಬೇಕು, ಅಲ್ಲಿಯ ತನಕ ಬಿಡಲ್ಲವಂತೆ. ಫೋನ್ ಎಡಗಿವಿಯಲ್ಲಿದೆ. ಜೇಬಿನ ಡೈರಿ ತೆಗೆದು ಬರೆಯುತ್ತಿದ್ದೇನೆ, ಕೈ ಸುಮ್ಮನಿದ್ದರೆ ಹುಚ್ಚು ಹಿಡಿಯುತ್ತೆ. ಫೋನಿನಲ್ಲಿ ಅಲ್ಲಿನ ಗಾಳಿಯ ಸದ್ದು ಕೇಳ್ತಿದೆ. ನಾಯಿ ಬೊಗಳ್ತಿದೆ. ಯಾರೋ ಪ್ಯಾರಾಚೂಟ್ ಎಣಿಸುತ್ತಿದ್ದಾರೆ, ಯಾವಾಗಲೂ ಎಣಿಸುವ ಹಾಗೆ.

ಒಂದು. ಎರಡು. ಮೂರು.

ಮೂರು.

ಜನವರಿ 2, ಬೆಂಗಳೂರು

ಆಸ್ಪತ್ರೆ ಕಾರಿಡಾರ್. ಇಷ್ಟು ದಿನ ಬರೆಯೋಕೆ ಆಗಲಿಲ್ಲ.

ಬದುಕಿದ್ದಾನೆ. ಅದನ್ನು ಮೊದಲು ಬರೆಯಬೇಕು. ಕೆಳಗೆ ಬಂದಾಗ ತಾನಾಗೇ ಬಿಚ್ಚುವ ಯಂತ್ರ ರಿಸರ್ವ್, ಅಂದರೆ ಎರಡನೇ ಪ್ಯಾರಾಚೂಟ್, ಬಿಚ್ಚಿತು. ಆದರೆ ತೀರಾ ಕೆಳಗೆ. ತಿರುಗಿಸಲು ಸಮಯ ಇರಲಿಲ್ಲ. ಗಾಳಿ ಎಳೆದುಕೊಂಡು ಹೋಗಿ ಬೆಟ್ಟದ ಬುಡದ ಬಂಡೆ ಮೇಲೆ ಹಾಕಿತು. ಬೆನ್ನುಮೂಳೆ. ಕಾಲು ತನ್ನದು ಅಂತಲೇ ಅನ್ನಿಸಲ್ಲ ಅಂತಾನೆ. ಡಾಕ್ಟರು ‘ನೋಡೋಣ’ ಅಂತಾರೆ. ಆ ನೋಡೋಣ ನನಗೆ ಅರ್ಥ ಆಗುತ್ತೆ.

ಇವತ್ತು ಮಾತಾಡಿದ. ಆನೆಗೆ ಹೆದರದವನು, ಚಾವಣಿ ನೋಡಿಕೊಂಡು: “ತಪ್ಪು ನಂದೇ ಭಾವಾ. ನೀನು ಸರಿಯಾಗೇ ಹೇಳ್ಕೊಟ್ಟಿದ್ದೆ. ಹಿಡಿ ಸಿಗ್ನಿಲ್ಲ ನಂಗೆ, ಬರೇ ಬಟ್ಟೆ ಸಿಕ್ತು. ಗಾಬರಿ ಆಗ್ಬುಟ್ಟೆ. ನೀನು ಬರೋಗಂಟ ಕಾಯ್ಬೇಕಿತ್ತು.”

ಅವನ ಕೈ ಹಿಡಿದುಕೊಂಡೆ. 

ಹೊರಗೆ ರಾಜೇಶ್ ಸರ್. ಮುಖ ಸುಣ್ಣ. ಉಳಿದ ಸೂಟೆಲ್ಲ ಬೀಗ ಹಾಕಿ ಇಟ್ಟಿದ್ದಾರೆ. “ಹೊಲಿದು ಬಂದ ಸೂಟು ಬಿಚ್ಚಿ ನೋಡದೆ ಹಾಕೋಕೆ ಬಿಟ್ಟೆ. ಅದು ನನ್ನ ತಪ್ಪು, ಸಾಯೋ ತನಕ ಇರುತ್ತೆ. ನಿಜ ಹೇಳು ಗಿರಿ, ನಿನ್ ಸೂಟಲ್ಲಿ ಯಾವತ್ತಾದ್ರೂ ಹಿಂಗಾಗಿತ್ತಾ?”

“ಇಲ್ಲ ಸರ್.”

ಎಷ್ಟು ಸಲೀಸಾಗಿ ಬಂತು.

ಇದಕ್ಕಿಂತ ದೊಡ್ಡದು ಇನ್ನೊಂದು. ಸುಷ್ಮಾ ನೋಡೋಕೆ ಬಂದವರಿಗೆಲ್ಲ ಹೇಳ್ತಿದ್ದಾಳೆ: “ನಮ್ಮೆಜಮಾನ್ರಿಗೆ ಆ ಹೊತ್ನಾಗೇ ಕರುಳು ಚುರುಕ್ ಅಂತಂತೆ. ಫ್ಯಾಕ್ಟ್ರಿಯಿಂದ ಫೋನ್ ಮಾಡಿ, ಮನೇಲಿ ಅರ್ಜೆಂಟು ಅಂತ ಸುಳ್ಳೇಳಿ, ಅವನನ್ನ ಇಳಿಸ್ರಿ ಅಂದ್ರಂತೆ. ಸ್ವಂತ ಅಣ್ಣ ಇದ್ದಿದ್ರೂ ಹಿಂಗೆ ಅನ್ನಿಸ್ತಿತ್ತೋ ಇಲ್ವೋ.”

ಅತ್ತೆ ಬಂದು ನನ್ನ ಎರಡೂ ಕೈ ಕಣ್ಣಿಗೆ ಒತ್ತಿಕೊಂಡರು.

ಜನವರಿ 5, ಭಾನುವಾರ, ಮಧ್ಯಾಹ್ನ

ಬಟ್ಟೆಬರೆ ತರೋಕೆ ಅಂತ ಇಬ್ಬರೂ ಹೊಸೂರಿಗೆ ಬಂದೆವು. ಸಂಜೆ ಮತ್ತೆ ಬೆಂಗಳೂರು. ಸುಷ್ಮಾ ಬಕೆಟ್ ಹಿಡಿದು ತಾರಸಿಗೆ ಹೋದಳು. ಬಹಳ ಹೊತ್ತಾದರೂ ಇಳಿಯಲಿಲ್ಲ ಅಂತ ನೋಡೋಕೆ ಹೋದೆ.

ಆಸ್ಪತ್ರೆಯವರು ಕತ್ತರಿಸಿ ಕೊಟ್ಟ ವೆಂಕಿಯ ಸೂಟನ್ನು ಒಗೆದಿದ್ದಾಳೆ. ಯಾಕೆ ಅಂತ ಕೇಳಲಿಲ್ಲ. ಹಾಗೇ ಬೀರುವಿನಲ್ಲಿದ್ದ ನನ್ನದನ್ನೂ ತೆಗೆದು ಒಗೆದಿದ್ದಾಳೆ. ಎರಡನ್ನೂ ಒಂದೇ ತಂತಿಗೆ ಪಕ್ಕಪಕ್ಕ ಹಾಕಿದ್ದಾಳೆ. ಕಾಲರಿನ ಅರಿಶಿಣ ಎರಡರಲ್ಲೂ ಹೋಗಿಲ್ಲ. ಗಾಳಿ ಬೀಸಿತು. ನನ್ನದು ಮೈಗೆ ಅಂಟಿದ ಹಾಗೆ ಸುಮ್ಮನೆ ಆಡಿತು. ಅವನದು ತುಂಬಿಕೊಂಡು ಎದ್ದಿತು.

ಅವಳು ಅವನ ಸೂಟಿನ ಸೊಂಟದ ಹತ್ತಿರ ಬೆರಳಾಡಿಸಿದಳು. ಆಮೇಲೆ ನನ್ನದರ ಸೊಂಟ.

“ರೀ, ನಿಮ್ದ್ರಾಗೆ ಇಲ್ಲಿ ಎಲಾಸ್ಟಿಕ್ ಐತೆ. ರೆಕ್ಕೆನೂ ಚಿಕ್ಕದು. ಅವನದ್ರಾಗೆ ಯಾಕಿಲ್ಲ?”

“ಟೈಲರ್ ಮರೆತಿರಬೇಕು.”

ಅವಳು ಬಟ್ಟೆಯ ಒಳಗಡೆ ತಿರುಗಿಸಿದಳು. ಮೊದಲಿನ ಹೊಲಿಗೆ ಬಿಚ್ಚಿದ ತೂತುಗಳು ಸಾಲಾಗಿ ಸೊಂಟದ ತನಕ ಇವೆ. ಹೊಸ ದಾರದ ಬಣ್ಣ ಬೇರೆ. ಅದನ್ನೇ ನೋಡ್ತಾ ನಿಂತಳು. ವೆಂಕಿ ಹೇಳಿದ ಮಾತು, ಬರೇ ಬಟ್ಟೆ ಸಿಕ್ತು ಅಂದದ್ದು, ಅವಳೂ ಕೇಳಿದ್ದಳು. ಮಂಚದ ಆ ಕಡೆಯೇ ಇದ್ದಳು.

ನನ್ನ ಮುಖ ನೋಡಲಿಲ್ಲ. ಮೆಲ್ಲಗೆ ಕೇಳಿದಳು. “ಎಣ್ಣೆ ಹಚ್ಚಿಸ್ಕೊಂಡ್ರಲ್ಲ, ಸೊಂಟ ನೋವು ಅಂತ. ಅದಕ್ಕೆ ಮುಂಚೆಯೋ ಆಮೇಲೋ, ಇದನ್ನ ಹಾಕ್ಸಿದ್ದು?”

ನೀರು ಕುಡಿದು ಬರ್ತೀನಿ ಅಂದು ಕೆಳಗೆ ಬಂದೆ. ನೀರು ಕುಡಿಯಲಿಲ್ಲ. ಇಲ್ಲಿ ಕೂತಿದ್ದೇನೆ.

ಮೆಟ್ಟಿಲ ಮೇಲೆ ಹೆಜ್ಜೆ. ಎರಡೂ ಸೂಟು ತೋಳ ಮೇಲೆ ಹಾಕಿಕೊಂಡಿರಬೇಕು, ಒದ್ದೆ ಬಟ್ಟೆ ಗೋಡೆಗೆ ಸವರುವ ಸದ್ದು. ಇನ್ನು ಸುಳ್ಳು ಬೇಡ. ಹೇಳಿಬಿಡಬೇಕು. ‘ಆಮೇಲೆ’ ಅಂತ ಹೇಳಿಬಿಡಬೇಕು. ಆಮೇಲೆ ಹಾಕಿಸಿದ್ದು, ಸುಷ್ಮಾ, ನನಗೆ ಗೊತ್ತಾದ ಮೇಲೆ —